ಮಾವನ ಹೆಸರಿಗೆ ಬಂದ ನಾಯಿಯ ಕಾಯಿಲೆ

ನಾನು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಒಂದು ಮುದಿ ಹೆಣ್ಣುನಾಯಿ ಇತ್ತು. ನನ್ನಿವಾಳದ ಕಡೆಯ ಕುರಿಗಾಹಿಗಳು ಮರಿಯಾಗಿದ್ದಾಗಲೇ ಕೊಟ್ಟು ಹೋಗಿದ್ದರಂತೆ. ರೇಷ್ಮೆ ನೇಯುವ ಮನೆಗೆ ಕಾವಲು ಬೇಕು ಎನ್ನುವುದು ಅದನ್ನು ಇಟ್ಟುಕೊಂಡದ್ದಕ್ಕೆ ಕಾರಣ. ನಾನು ಕಂಡ ಹೊತ್ತಿಗೆ ಅದರ ಮೂತಿ ಪೂರಾ ನರೆತಿತ್ತು. ಹೊಸಬರು ಬಾಗಿಲಿಗೆ ಬಂದರೆ ಮಲಗಿದಲ್ಲಿಂದಲೇ ಒಮ್ಮೆ ಗುರ್ ಎಂದು ತನ್ನ ಕೆಲಸ ಮುಗಿಯಿತೆಂಬಂತೆ ಮತ್ತೆ ಕಣ್ಣು ಮುಚ್ಚುತ್ತಿತ್ತು. ಮದುವೆಯಾದ ಹೊಸದರಲ್ಲಿ ನಾನು ಹಿತ್ತಲಿಂದ ನೀರು ಹೊತ್ತು ಒಳಗೆ ಬಂದಾಗಲೆಲ್ಲ ಆ ಗುರ್ ನನಗೂ ಸಲ್ಲುತ್ತಿತ್ತು.

ಅದಕ್ಕೆ ಹೆಸರು ಇರಲಿಲ್ಲ. ಅತ್ತೆ 'ಅಮ್ಮೀ' ಎಂದು ಕರೆಯುತ್ತಿದ್ದರು. ತೊಂದರೆ ಎಂದರೆ ಮದುವೆಯ ವಯಸ್ಸಿಗೆ ಬಂದಿದ್ದ ನನ್ನ ನಾದಿನಿಯನ್ನೂ ಅವರು ಕರೆಯುತ್ತಿದ್ದದ್ದು ಹಾಗೆಯೇ. ಒಂದು ಸಲ ಕೂಗಿದರೆ ಇಬ್ಬರೂ ಬರುತ್ತಿದ್ದರು. ಮೊದಲು ಬರುತ್ತಿದ್ದದ್ದು ನಾಯಿ. ಮನೆಯವರೆಲ್ಲ ಅದರ ಹತ್ತಿರ ತೆಲುಗಿನಲ್ಲೇ ಮಾತಾಡುತ್ತಿದ್ದರು. ನಾನು ಕನ್ನಡದಲ್ಲಿ 'ಬಾ' ಎಂದರೆ ಅದು ಅತ್ತೆಯ ಮುಖ ನೋಡುತ್ತಿತ್ತು. 'ರಾ' ಎಂದು ಅವರು ಅನುವಾದಿಸಿದ ಮೇಲೆ ಏಳುತ್ತಿತ್ತು.

ನಾಯಿಯ ಮೇಲೆ ತನಗೇನೂ ಮೋಹವಿಲ್ಲ ಎಂದು ಅತ್ತೆ ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು. ಹಾಗೆ ಹೇಳುತ್ತಲೇ ಬಿಸಿ ಮುದ್ದೆ ಮುರಿದು, ಆರಿಸಿ, ಮಜ್ಜಿಗೆಯಲ್ಲಿ ಕಲಸಿ ಅದರ ಮುಂದೆ ಇಡುತ್ತಿದ್ದರು. ಮಡಿ ಮೈಲಿಗೆಯಲ್ಲಿ ಊರಿಗೇ ಕಟ್ಟುನಿಟ್ಟಾದ ಹೆಂಗಸು. ನನ್ನ ಸೆರಗು ಒಲೆಯ ಕಟ್ಟೆಗೆ ತಾಗಿದರೆ ಸ್ನಾನಕ್ಕೆ ಕಳಿಸುತ್ತಿದ್ದರು. ನಾಯಿ ಅಡುಗೆಮನೆಯ ಹೊಸ್ತಿಲ ಮೇಲೆ ಗಲ್ಲ ಊರಿ ಮಲಗಿದ್ದರೆ ಮಾತ್ರ ಅದನ್ನು ದಾಟಿಕೊಂಡು ಹೋಗುತ್ತಿದ್ದರು.

ನಾನು ಬಂದ ಎರಡನೆಯ ಮಳೆಗಾಲ ಇರಬೇಕು, ಮನೆಯಲ್ಲಿ ಅಲ್ಲಲ್ಲಿ ಒದ್ದೆ ಕಾಣಿಸತೊಡಗಿತು. ಬೆಳಿಗ್ಗೆ ಎದ್ದರೆ ಪಡಸಾಲೆಯಲ್ಲಿ, ಮಗ್ಗದ ಗುಂಡಿಯ ಪಕ್ಕದಲ್ಲಿ, ಒಂದೊಂದು ಸಲ ಕಣಜದ ಬುಡದಲ್ಲಿ. ಅತ್ತೆ ಮೊದಲು ಮಾಳಿಗೆ ಸೋರುತ್ತಿದೆ ಎಂದರು. ನಮ್ಮ ಸೀಮೆಯ ಮಳೆ ಮಾಳಿಗೆ ಸೋರುವಷ್ಟು ಸುರಿದದ್ದನ್ನು ನಾನಂತೂ ಕಂಡಿರಲಿಲ್ಲ. ಆಮೇಲೆ ನಾನು ಕೊಡ ತುಳುಕಿಸುತ್ತೇನೆ ಎಂದರು. ಒಂದು ವಾರ ನಾನು ಉಸಿರು ಬಿಗಿಹಿಡಿದು ಕೊಡ ಹೊತ್ತು ತಂದೆ. ಒದ್ದೆ ನಿಲ್ಲಲಿಲ್ಲ. ಕೊನೆಗೆ ಪಕ್ಕದ ಮನೆಯ ಬೆಕ್ಕಿನ ಮೇಲೆ ಹೊರಿಸಿದರು. ಆ ಬೆಕ್ಕು ಬೇಸಿಗೆಯಲ್ಲೇ ಊರು ಬಿಟ್ಟಿದೆ ಎಂದು ನಾದಿನಿ ನೆನಪಿಸಿದಾಗ, ಹಾಗಾದರೆ ಅದು ಗುಟ್ಟಾಗಿ ವಾಪಸು ಬಂದಿರಬೇಕು ಎಂದರು.

ಸತ್ಯ ಹೊರಬಿದ್ದದ್ದು ಬಣ್ಣದಿಂದ. ಆಗ ಪೇಟೆಗೆ ಪುಡಿ ಬಣ್ಣ ಹೊಸದಾಗಿ ಬಂದಿತ್ತು. ಮಾವ ಒಂದಿಷ್ಟು ರೇಷ್ಮೆಗೆ ಕೆಂಪು ಹಾಕಿಸಿ ತಂದು ಗೋಡೆಯ ಗೂಟಕ್ಕೆ ಆ ನೂಲಿನ ಲಡಿಗಳನ್ನು ತೂಗುಹಾಕಿದ್ದರು. ಅದರಲ್ಲೊಂದು ಕೆಳಗೆ ಜಾರಿತ್ತು. ಮೆತ್ತಗಿದೆಯೆಂದು ನಾಯಿ ಅದರ ಮೇಲೆ ಮಲಗಿ ಮಧ್ಯಾಹ್ನದ ನಿದ್ದೆ ತೆಗೆಯಿತು. ಎದ್ದು ಹೊರಬಂದಾಗ ಅದರ ಹಿಂಭಾಗವೆಲ್ಲ ಕುಂಕುಮ ಬಳಿದಂತೆ ಕೆಂಪಾಗಿತ್ತು. ಗಾಯವೆಂದು ನಾದಿನಿ ಅಳತೊಡಗಿದಳು. ಮಾವ ಲಡಿಯನ್ನು ಎತ್ತಿ ಹಿಡಿದರು. ಅರ್ಧ ಲಡಿ ಕೆಂಪು, ಅರ್ಧ ಯಾವ ಬಣ್ಣವೆಂದು ಹೇಳುವುದಕ್ಕೆ ಬರುವಂತಿರಲಿಲ್ಲ. ಅದನ್ನು ಮೂಗಿನ ಹತ್ತಿರ ತಂದು ನೋಡಿ ಅತ್ತೆಯ ಕೈಗೆ ಕೊಟ್ಟರು.

ನನ್ನ ಮಾವ ಮಾತು ಕಡಿಮೆಯ ಮನುಷ್ಯ. ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತರೆ ಲಾಳಿಯ ಸದ್ದೇ ಅವರ ಮಾತು. ಸೀರೆಯ ಅಂಚು ಸೇರಿಸುವುದರಲ್ಲಿ ಆ ಬೀದಿಯಲ್ಲಿ ಅವರಿಗೆ ಸಮಾನರಿಲ್ಲ ಎಂದು ಎಲ್ಲರೂ ಒಪ್ಪುತ್ತಿದ್ದರು. ಆವತ್ತು ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದರು, ನಾಯಿ ಇನ್ನು ಹಿತ್ತಲಲ್ಲಿ ಇರಲಿ ಎಂದು. ಅತ್ತೆ ತಲೆ ಆಡಿಸಿದರು. ನಾಯಿಯ ಮೇಲೆ ಮೋಹವಿಲ್ಲದ ಆ ಹೆಂಗಸು ಆ ಹೊತ್ತು ಉಣ್ಣಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದರು.

ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ನಾಯಿಗೆ ಜಾಗವಾಯಿತು. ಅದು ಅಲ್ಲಿ ಮಲಗಲು ಒಪ್ಪದೆ ಅಡುಗೆಮನೆಯ ಕದವನ್ನು ಕೆರೆಯುತ್ತಿತ್ತು. ಪಾಪದ ಪ್ರಾಣಿಗೆ ತಾನು ಏನು ತಪ್ಪು ಮಾಡಿದೆನೆಂದೇ ತಿಳಿದಿರಲಿಲ್ಲ. ನಿದ್ದೆಯಿಂದ ಎದ್ದಾಗ ತನ್ನ ಕೆಳಗೆ ಒದ್ದೆಯಾಗಿರುವುದು ಕಂಡು ಅದೇ ಬೆಚ್ಚಿ, ನೆಲವನ್ನು ಮೂಸಿ, ಇದು ಯಾರ ಕೆಲಸ ಎಂಬಂತೆ ಸುತ್ತ ನೋಡುತ್ತಿತ್ತು. ಅತ್ತೆ ಮೊದಲು ಬೈದು ನೋಡಿದರು. ಆಮೇಲೆ ನೀರು ಕೊಡುವುದನ್ನು ನಿಲ್ಲಿಸಿದರು. ಅದು ಹೋಗಿ ಬಣ್ಣ ತೊಳೆದ ಬಾನಿಯಲ್ಲಿ ಬಾಯಿ ಹಾಕಿ ನೀಲಿ ನಾಲಿಗೆ ಮಾಡಿಕೊಂಡು ಬಂತು. ಅದಾದ ಮೇಲೆ ಹಳೆಯ ಸೀರೆಯ ತುಂಡು ಹರಿದು ಮಗುವಿಗೆ ಕಟ್ಟುವಂತೆ ಕಚ್ಚೆ ಕಟ್ಟಿದರು. ಕೈಗೆ ಸಿಕ್ಕ ತುಂಡಿನಲ್ಲಿ ಒಂದಿಷ್ಟು ಜರಿಯ ಅಂಚೂ ಇತ್ತು. ಜರಿ ಅಂಚಿನ ಕಚ್ಚೆ ಉಟ್ಟು ನಾಯಿ ಹಿತ್ತಲ ಬೇಲಿ ನುಸುಳಿ ನೇಕಾರರ ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದುಹೋಯಿತು. ಅದನ್ನು ಹಿಡಿದು ತರಲು ನನ್ನನ್ನೇ ಕಳಿಸಿದರು. ಮಗ್ಗ ಬಿಟ್ಟು ಹೊರಬಂದು ನಿಂತಿದ್ದ ಗಂಡಸರ ನಡುವೆ ತಲೆ ತಗ್ಗಿಸಿ, ಬಾರದ ತೆಲುಗಿನಲ್ಲಿ ನಾಯಿಯನ್ನು ಬೇಡಿಕೊಳ್ಳುತ್ತ ಬಂದದ್ದು ನನಗೆ ಇನ್ನೂ ನೆನಪಿದೆ.

ಅತ್ತೆ ಕೊನೆಗೆ ಪೇಟೆಯ ಹಕೀಮರ ಹತ್ತಿರ ಹೋಗುವುದೆಂದು ತೀರ್ಮಾನಿಸಿದರು. ಮಾವನಿಗೆ ಹೇಳಲಿಲ್ಲ. ಉಪ್ಪು ಮೆಣಸಿನಕಾಯಿ ತರುವುದಕ್ಕೆಂದು ನನ್ನನ್ನು ಜೊತೆಗೆ ಕರೆದುಕೊಂಡರು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ತಮ್ಮಷ್ಟಕ್ಕೆ ಅಭ್ಯಾಸ ಮಾಡಿಕೊಂಡರು. ಆದರೆ ಅಲ್ಲಿ ಹೋಗಿ ನೋಡಿದರೆ ಬೆಳ್ಳನೆಯ ಅಂಗಿಯ ಮುದುಕರು, ಆಗತಾನೇ ಕೈಕಾಲು ತೊಳೆದು ನಮಾಜು ಮುಗಿಸಿ ಗಾದಿಯ ಮೇಲೆ ಕೂತಿದ್ದರು. ಬಾಗಿಲ ಬಳಿ ಇನ್ನೂ ನಾಲ್ಕೈದು ಜನ. ಅಂಥವರ ಮುಂದೆ ನಾಯಿಗೆ ಔಷಧಿ ಕೊಡಿ ಎಂದು ಕೇಳುವ ಧೈರ್ಯ ಅತ್ತೆಗೆ ಉಡುಗಿಹೋಯಿತು.

ಏನಮ್ಮ ಎಂದು ಹಕೀಮರು ಕೇಳಿದರು.

"ನಮ್ಮನೇಲಿ ವಯಸ್ಸಾಗೈತೆ ಸಾಬ್ರೇ," ಎಂದರು ಅತ್ತೆ, ಸೆರಗಿನ ತುದಿ ತಿರುವುತ್ತ. "ನಿದ್ದೇಲಿ ಗೊತ್ತಾಗಲ್ಲ. ಮಲಗಿದಲ್ಲೇ ಆಗಿಬಿಡ್ತೈತೆ."

ನಮ್ಮ ಕಡೆ ಆಗ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುತ್ತಿರಲಿಲ್ಲ. 'ನಮ್ಮನೇಲಿ' ಎಂದರೆ ಗಂಡ ಎಂದೇ ಎಲ್ಲರಿಗೂ ಅರ್ಥ. ಹಕೀಮರಿಗೂ ಹಾಗೆಯೇ ಅರ್ಥವಾಯಿತು. ಅತ್ತೆಯ ಬೆನ್ನ ಹಿಂದೆ ನಿಂತಿದ್ದ ನನಗೆ ಅದು ತಿಳಿಯಿತು, ಅತ್ತೆಗೆ ತಿಳಿಯಲಿಲ್ಲ. ಸೊಸೆಯಾದವಳು ನಡುವೆ ಬಾಯಿ ಹಾಕುವಂತೆಯೂ ಇರಲಿಲ್ಲ.

ಊಟ ಹೇಗೆ ಎಂದು ಹಕೀಮರು ವಿಚಾರಿಸಿದರು. ಊಟಕ್ಕೇನೂ ಕಡಿಮೆಯಿಲ್ಲ, ಮುದ್ದೆ ಮಜ್ಜಿಗೆ ಇಟ್ಟರೆ ಬಟ್ಟಲು ನೆಕ್ಕುವ ತನಕ ಎಂದರು ಅತ್ತೆ. ಹಕೀಮರ ಹುಬ್ಬು ಸ್ವಲ್ಪ ಮೇಲೇರಿತು. ಸಿಟ್ಟು ಬರುತ್ತದೆಯೇ ಎಂದು ಕೇಳಿದರು. ಹೊಸಬರು ಬಾಗಿಲಿಗೆ ಬಂದರೆ ಸ್ವಲ್ಪ ಬರುತ್ತದೆ ಎಂದರು ಅತ್ತೆ. ಈಗ ಎಲ್ಲಿ ಮಲಗುವುದು ಎಂದು ಕೇಳಿದಾಗ ಅತ್ತೆ ತಲೆ ತಗ್ಗಿಸಿದರು. ಹಿತ್ತಲಲ್ಲಿ, ಸೌದೆಯ ಪಕ್ಕ ಎಂದರು.

ಹಕೀಮರು ಗಾದಿಯಿಂದ ಮುಂದಕ್ಕೆ ಬಾಗಿದರು.

"ಹಂಗೆ ಮಾಡಬ್ಯಾಡಮ್ಮ," ಎಂದರು. "ಅದು ಅವರ ಕೈಯಾಗಿಲ್ಲ. ಬೈದ್ರೆ ನಿಲ್ಲಾದಲ್ಲ. ಒಳಗೆ ಬೆಚ್ಚಗೆ ಮಲಗಿಸು."

ಆ ಮೇಲೆ ಹೇಳಿದ್ದೆಲ್ಲ ನಿಧಾನವಾಗಿ, ಒಂದೊಂದಾಗಿ. ನೀರು ನಿಲ್ಲಿಸಬಾರದು. ಮಲಗುವ ಮುಂಚೆ ತಪ್ಪದೆ ಹೊರಗೆ ಕರೆದುಕೊಂಡು ಹೋಗಿ ಬರಬೇಕು. ಬೆಳಗಾಗುತ್ತಲೇ ಇನ್ನೊಂದು ಸಲ. ತಣ್ಣನೆ ನೆಲದ ಮೇಲೆ ಮಲಗಿಸದೆ ಉಣ್ಣೆ ಹಾಸಬೇಕು. ಬೆಚ್ಚನೆಯ ನೀರಿನಲ್ಲಿ ತೊಳೆದು, ಒರೆಸಿ, ಚರ್ಮ ಕೆಂಪಾಗದಂತೆ ಎಣ್ಣೆ ಸವರಬೇಕು. ಹುರಿದ ಎಳ್ಳನ್ನು ಬೆಲ್ಲದಲ್ಲಿ ಕುಟ್ಟಿ ದಿನಕ್ಕೊಂದು ಉಂಡೆ ಕೊಡಬೇಕು. ಅತ್ತೆ ಎಲ್ಲಕ್ಕೂ ಕಣ್ಣೊರೆಸಿಕೊಂಡು ತಲೆಯಾಡಿಸಿದರು. ಬಾಗಿಲ ಬಳಿ ಕಾಯುತ್ತಿದ್ದವರಲ್ಲಿ ನಮ್ಮ ಬೀದಿಯ ಒಬ್ಬ ಹೆಂಗಸು ಇದ್ದಳು. ಹಲ್ಲುನೋವಿನಿಂದ ಅವಳ ಕೆನ್ನೆ ಊದಿ ಬಾಯಿ ತೆರೆಯುವುದಕ್ಕೂ ಆಗದಂತಿತ್ತು. ಆ ಸ್ಥಿತಿಯಲ್ಲೂ ಅವಳು ಸಂಜೆಯೊಳಗೆ ಬೀದಿಯ ಅಷ್ಟೂ ಮನೆಗೆ ಸುದ್ದಿ ಮುಟ್ಟಿಸಿದಳು.

ಮನೆಗೆ ಬಂದವರೇ ಅತ್ತೆ ನನ್ನ ತೌರಿಂದ ಬಂದಿದ್ದ ಚಳ್ಳಕೆರೆಯ ಕಂಬಳಿಯನ್ನು ಕೇಳಿದರು. ಹಳೆಯದು ಸಾಕಲ್ಲವೇ ಎಂದೆ. ಹಳೆಯದು ಚುಚ್ಚುತ್ತದೆ ಎಂದರು. ಸೌದೆ ಕೊಟ್ಟಿಗೆಯಲ್ಲಿ ಹಳ್ಳದ ಮರಳು ಹರಡಿ, ಅದರ ಮೇಲೆ ನನ್ನ ಕಂಬಳಿಯ ಅರ್ಧ ತುಂಡು ಹಾಸಿದೆವು. ಒದ್ದೆಯೆಲ್ಲ ಉಣ್ಣೆಯಿಂದ ಇಳಿದು ಮರಳಿಗೆ ಹೋಗಿ ಮೇಲೆ ಬೇಗ ಒಣಗುತ್ತಿತ್ತು. ಮರಳನ್ನು ಎತ್ತಿ ಹಾಕಿ ಬೇರೆ ಹರಡುವುದು ಬೆಳಗಿನ ಕೆಲಸ. ಊಟವಾದ ಮೇಲೆ ಅತ್ತೆ ದೀಪ ಹಿಡಿದು ಹಿತ್ತಲಾಚೆ ತಂಗಡಿ ಗಿಡಗಳ ತನಕ ನಾಯಿಯ ಜೊತೆ ಹೋಗಿ ನಿಲ್ಲುತ್ತಿದ್ದರು. ಅದು ಮೂಸಿ ಮೂಸಿ ಹೊತ್ತು ಕಳೆದರೆ, ಬೇಗ ಮುಗಿಸಮ್ಮಿ ಎಂದು ತೆಲುಗಿನಲ್ಲಿ ಪುಸಲಾಯಿಸುವುದು ನಮಗೆ ಒಳಗೆ ಕೇಳುತ್ತಿತ್ತು. ಎಳ್ಳುಂಡೆ ಮಾತ್ರ ಯಾವ ಪುಸಲಾವಣೆಯೂ ಇಲ್ಲದೆ ಇಳಿಯುತ್ತಿತ್ತು.

ಪೂರ್ತಿ ಗುಣವಾಯಿತೆಂದು ಹೇಳಲಾರೆ. ಆದರೆ ಕಂಬಳಿ ಒಣಗಿರುವ ಬೆಳಗುಗಳು ಹೆಚ್ಚಾದವು. ನವರಾತ್ರಿಯ ಹೊತ್ತಿಗೆ ಅತ್ತೆ ಕಂಬಳಿಯನ್ನು ಮೆಲ್ಲನೆ ಸೌದೆ ಕೊಟ್ಟಿಗೆಯಿಂದ ಹಿತ್ತಲ ಬಾಗಿಲಿಗೆ, ಹಿತ್ತಲ ಬಾಗಿಲಿಂದ ಅಡುಗೆಮನೆಯ ಮೂಲೆಗೆ ಸರಿಸಿದ್ದರು. ಮಾವ ನೋಡಿಯೂ ನೋಡದವರಂತೆ ಇದ್ದರು.

ಇತ್ತ ಮಾವನಿಗೆ ಊರಿನಲ್ಲಿ ಬೇರೆಯೇ ಒಂದು ಅನುಭವವಾಗುತ್ತಿತ್ತು. ಭಜನೆಗೆ ಹೋದರೆ ಅವರಿಗೆ ಬಾಗಿಲ ಹತ್ತಿರವೇ ಬೇರೆ ಚಾಪೆ ಹಾಸಿಡುತ್ತಿದ್ದರು. ನೂಲಿನ ಅಂಗಡಿಯಲ್ಲಿ ಕೂಡಿಸಿ, ಹಿತ್ತಲ ದಾರಿ ಎಲ್ಲಿದೆ ಎಂದು ಅವರು ಕೇಳುವ ಮುಂಚೆಯೇ ತೋರಿಸುತ್ತಿದ್ದರು. ಬೀದಿಯಲ್ಲಿ ಹಿರಿಯರು ಭುಜ ತಟ್ಟಿ ಮೈ ಹುಷಾರು ಎನ್ನುತ್ತಿದ್ದರು. ಒಬ್ಬರು ಎಳ್ಳುಂಡೆ ಮಾಡಿಸಿ ಕಳಿಸಿದರು. ಸಿಹಿ ಎಂದರೆ ಪ್ರಾಣ ಬಿಡುವ ಮಾವ ಅದನ್ನು ಅಂದೇ ಮುಗಿಸಿದರು. ಅದನ್ನು ಕೇಳಿ ಇನ್ನೂ ಎರಡು ಮನೆಯಿಂದ ಬಂತು. ವಯಸ್ಸಾದಂತೆ ಊರಿನಲ್ಲಿ ತನಗೆ ಮರ್ಯಾದೆ ಹೆಚ್ಚಾಗುತ್ತಿದೆ ಎಂದು ಮಾವ ಒಂದು ದಿನ ಮಗನ ಮುಂದೆ ಹೇಳಿಕೊಂಡರಂತೆ. ನನ್ನ ಗಂಡ ಅದನ್ನು ಬಂದು ನನಗೆ ಹೆಮ್ಮೆಯಿಂದ ಹೇಳಿದರು. ನಾನು ಒಲೆ ಊದುವ ನೆವದಲ್ಲಿ ಮುಖ ತಿರುಗಿಸಿಕೊಂಡೆ.

ಆ ಚಳಿಗಾಲದಲ್ಲಿ ನಾನು ತೌರಿಗೆ ಹೋಗಿದ್ದೆ. ಚಳ್ಳಕೆರೆಯ ಒಂದು ಮನೆಯಿಂದ ನನ್ನ ನಾದಿನಿಗೆ ಸಂಬಂಧ ಕೇಳುತ್ತಿದ್ದರು. ನೂಲು, ಬಟ್ಟೆಯ ವ್ಯಾಪಾರದವರು, ನಮ್ಮವರೇ. ಅವ್ವ ಅದರ ಮಾತು ತೆಗೆದು, ಆ ಮೇಲೆ ಸುತ್ತಿ ಬಳಸಿ, ನಿಮ್ಮ ಮಾವನ ಮೈ ಹೇಗಿದೆ ಎಂದು ಕೇಳಿದಳು. ಚೆನ್ನಾಗಿದ್ದಾರೆ ಎಂದೆ. ಅವ್ವ ನನ್ನ ಮುಖವನ್ನೇ ನೋಡಿದಳು.

"ನನ್ನ ತಾವ ಯಾಕೆ ಮುಚ್ಚಿಡ್ತೀಯಾ?" ಎಂದಳು. "ಗಂಡಿನ ಕಡೇರಿಗೂ ಗೊತ್ತಾಗೈತೆ. ವಂಶದಾಗೆ ಇರೋ ಕಾಯಿಲೆ ಏನೋ ಅಂತ ಕೇಳ್ತಾವ್ರೆ."

ಹೊಟ್ಟೆ ಹಿಡಿದು ನಗುವಂತಾಯಿತು, ಹಿಂದೆಯೇ ಭಯವೂ ಆಯಿತು. ನನ್ನ ನಾದಿನಿಯ ಮದುವೆ ಒಂದು ನಾಯಿಯಿಂದ ನಿಂತು ಹೋಗುವುದೆಂದರೇನು? ಅವ್ವನಿಗೆ ನಡೆದದ್ದೆಲ್ಲ ಹೇಳಿದೆ. ಅವಳು ಅರ್ಧ ನಂಬಿದಳು. ಇನ್ನೆರಡು ದಿನ ಇರಬೇಕಾದವಳು ಸಿಕ್ಕ ಗಾಡಿ ಹತ್ತಿ ಹೊರಟೆ. ಬಿ.ಜಿ. ಕೆರೆಯಲ್ಲಿ ಎತ್ತು ಬಿಚ್ಚಿ ನೀರು ಕುಡಿಸುವಾಗ ಗಾಡಿಯಲ್ಲಿದ್ದ ಮುದುಕರೊಬ್ಬರು ನಾನು ಯಾರ ಮನೆ ಸೊಸೆಯೆಂದು ಕೇಳಿ ತಿಳಿದುಕೊಂಡು, ನಿಮ್ಮ ಮಾವನಿಗೆ ಈಗ ವಾಸಿಯೇ ಎಂದರು.

ಅತ್ತೆಗೆ ವಿಷಯ ಹೇಳಿದಾಗ ಮೊದಲು ಅವರಿಗೆ ಅರ್ಥವೇ ಆಗಲಿಲ್ಲ. ಹಕೀಮರ ಮುಂದೆ ತಾವು ಆಡಿದ ಒಂದೊಂದು ಮಾತನ್ನೂ ನಾನು ಮತ್ತೆ ಹೇಳಿ ತೋರಿಸಬೇಕಾಯಿತು. ಬಟ್ಟಲು ನೆಕ್ಕುವ ಮಾತಿಗೆ ಬರುವಷ್ಟರಲ್ಲಿ ಅವರು ಗೋಡೆ ಹಿಡಿದು ಕೂತರು. ಸ್ವಲ್ಪ ಹೊತ್ತು ಬಿಟ್ಟು ಎದ್ದು, ಮುಖ ತೊಳೆದು, ಸೆರಗು ಸರಿಮಾಡಿಕೊಂಡು ಮಗ್ಗದ ಕೋಣೆಗೆ ಹೋದರು. ನಾನು ಬಾಗಿಲ ಮರೆಯಲ್ಲಿ ನಿಂತೆ. ಅತ್ತೆ ಎಲ್ಲವನ್ನೂ ಹೇಳಿದರು. ಮಾವ ಲಾಳಿ ನಿಲ್ಲಿಸಲಿಲ್ಲ. ಹೇಳಿ ಮುಗಿದ ಮೇಲೂ ಲಾಳಿ ಅತ್ತಿಂದಿತ್ತ ಓಡುತ್ತಲೇ ಇತ್ತು. ಆಮೇಲೆ ನಿಂತಿತು.

"ಅದಕ್ಕೇನಾ ಭಜನೇಲಿ ಬಾಗಲ ತಾವ ಕೂರಿಸ್ತಿದ್ದಿದ್ದು?" ಎಂದರು ಮಾವ.

ಅತ್ತೆ ಊರೆಲ್ಲಾ ಹೋಗಿ ನಿಜ ಹೇಳಿಬರುತ್ತೇನೆ ಎಂದರು. ಮಾವ ಬೇಡವೆಂದರು. ಹೆಂಡತಿ ಗಂಡನ ಮಾನ ಕಾಯುವುದಕ್ಕೆ ನಾಯಿಯ ಮೇಲೆ ಹಾಕುತ್ತಿದ್ದಾಳೆ ಎಂದುಕೊಳ್ಳುತ್ತಾರೆ, ಅಷ್ಟೇ ಎಂದರು. ಅದು ನಿಜವೂ ಆಗಿತ್ತು. ಗಂಡಿನ ಕಡೆಯವರಿಗೆ ಮಾತ್ರ ಇದ್ದದ್ದು ಇದ್ದಂತೆ ಹೇಳಿಬಿಡು, ನಂಬಿದರೆ ನಂಬಲಿ ಎಂದರು. ಅತ್ತೆ ತಿರುಗಿ ಬರುವಾಗ, ಆ ಎಳ್ಳುಂಡೆ ಕೊಡುವುದನ್ನು ನಿಲ್ಲಿಸಿಬಿಡುತ್ತಾರೇನೋ ಎಂದು ಮಾವ ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು.

ಸಂಕ್ರಾಂತಿ ಕಳೆದ ಮೇಲೆ ಗಂಡಿನ ಕಡೆಯವರು ಬಂದರು. ಗಂಡಿನ ತಂದೆ, ತಾಯಿ, ಜೊತೆಗೆ ಅಜ್ಜಿ. ಅಜ್ಜಿ ತೆಳ್ಳಗೆ, ನೆಟ್ಟಗೆ, ಬಾಯಲ್ಲಿ ಎಲೆಯಡಿಕೆ. ಆ ಮನೆಯಲ್ಲಿ ಅವರ ಮಾತೇ ಕೊನೆ ಎಂದು ಅವ್ವ ಮೊದಲೇ ಹೇಳಿದ್ದಳು. ಅಷ್ಟು ದೂರದಿಂದ ಬಂದವರು ಎರಡು ದಿನ ಇದ್ದು ಹೋಗಿ ಎಂದರೆ ಅಜ್ಜಿ ಒಪ್ಪಲಿಲ್ಲ. ರಾತ್ರಿ ಗಾಡಿಯಲ್ಲೇ ಹೊರಡುತ್ತೇವೆ ಎಂದರು. ಅತ್ತೆಯ ಮುಖ ಚಿಕ್ಕದಾಯಿತು. ಸಂಬಂಧ ಬೇಡವಾಗಿದೆ ಎಂದು ನಾವು ತಿಳಿದೆವು.

ಹುಡುಗಿಯನ್ನು ನೋಡಿ, ಊಟ ಮುಗಿದ ಮೇಲೆ ಅಜ್ಜಿ ಕೈ ತೊಳೆಯುವ ನೆವದಲ್ಲಿ ಹಿತ್ತಲಿಗೆ ಬಂದರು. ಚೊಂಬು ಕೊಡಲು ನಾನು, ಜೊತೆಗೆ ಅತ್ತೆ. ನಾಯಿ ಬಿಸಿಲಲ್ಲಿ ತನ್ನ ಕಂಬಳಿಯ ಮೇಲೆ ಮಲಗಿತ್ತು. ಹೊಸಬರನ್ನು ಕಂಡು ಗುರ್ ಎಂದಿತು. ಅಜ್ಜಿ ಸುತ್ತ ನೋಡಿ ದನಿ ತಗ್ಗಿಸಿದರು.

"ನಿಮ್ಮ ಯಜಮಾನ್ರಿಗೆ ಏನೋ ಔಷಧಿ ಮಾಡಿದ್ರಂತಲ್ಲ. ಗುಣ ಆತಾ?"

ಅತ್ತೆ ಎಷ್ಟು ದಿನದಿಂದ ಸಿದ್ಧಮಾಡಿಕೊಂಡಿದ್ದರೋ ಆ ಮಾತು ಒಮ್ಮೆಗೇ ಬಂದುಬಿಟ್ಟಿತು. ಅದು ಯಜಮಾನರಿಗಲ್ಲ, ಈ ನಾಯಿಗೆ; ಹಕೀಮರ ಮುಂದೆ ನಾಚಿಕೆಯಾಗಿ ಹೇಳಲಿಲ್ಲ; ಅವರು ತಪ್ಪು ತಿಳಿದರು; ನಮ್ಮ ವಂಶದಲ್ಲಿ ಯಾರಿಗೂ ಏನೂ ಇಲ್ಲ ಎಂದರು. ಅಜ್ಜಿ ನಾಯಿಯನ್ನು ನೋಡಿದರು, ಕಂಬಳಿಯನ್ನು ನೋಡಿದರು, ಕೆಳಗಿನ ಮರಳನ್ನು ನೋಡಿದರು.

"ಅದಿರಲಿ," ಎಂದರು. "ನಾಯಿಗಾದ್ರೂ ಗುಣ ಆತೋ ಇಲ್ವೋ, ಅದ್ನ ಹೇಳು."

"ಪೂರಾ ಇಲ್ಲವ್ವಾ. ಬಾಳ ಕಮ್ಮಿ ಆಗೈತೆ."

"ಹಂಗಾದ್ರೆ ನಂಗೂ ಹೇಳಿಕೊಡು. ನಾನು ಒಬ್ಬರ ಮನೇಲಿ ಮಲಗಿ ವರ್ಸಗಳಾದವು. ಮಗಳ ಬಾಣಂತನಕ್ಕೂ ಹೋಗ್ಲಿಲ್ಲ."

ಅತ್ತೆ ಒಗೆಯುವ ಕಲ್ಲನ್ನು ಸೆರಗಿನಿಂದ ಒರೆಸಿ ಅಜ್ಜಿಯನ್ನು ಕೂರಿಸಿದರು. ತಾವು ನೆಲದ ಮೇಲೆ, ನಾಯಿಯ ಪಕ್ಕದಲ್ಲೇ ಕೂತರು. ಮರಳು ಎಷ್ಟು ದಪ್ಪ ಇರಬೇಕು, ಎಂಥ ಕಂಬಳಿ ಮೆತ್ತಗಿರುತ್ತದೆ, ಎಳ್ಳನ್ನು ಎಷ್ಟು ಹುರಿಯಬೇಕು, ನೀರು ಕುಡಿಯುವುದನ್ನು ಬಿಟ್ಟರೆ ಉರಿ ಹೇಗೆ ಇನ್ನೂ ಹೆಚ್ಚುತ್ತದೆ, ಎಲ್ಲ ಹೇಳಿದರು. ಬೈಯಿಸಿಕೊಳ್ಳುವ ಕಾಯಿಲೆಯಲ್ಲ ಇದು ಎಂದೂ ಹೇಳಿದರು. ಅಜ್ಜಿ ನಡುನಡುವೆ ಪ್ರಶ್ನೆ ಕೇಳಿದರು. ಕಚ್ಚೆಯ ವಿಷಯ ಬಂದಾಗ ಇಬ್ಬರೂ ನಕ್ಕು ಕೆಮ್ಮಿದರು. ಮಡಿಯ ನೆನಪು ನಮ್ಮತ್ತೆಗೆ ಆವತ್ತು ಸಂಜೆಯ ತನಕ ಬರಲಿಲ್ಲ. ಒಳಗೆ ಗಂಡಸರು, ಈ ಹೆಂಗಸರು ಇಷ್ಟು ಹೊತ್ತು ಏನು ಜಗಳವಾಡುತ್ತಿದ್ದಾರೋ ಎಂದು ಚಡಪಡಿಸುತ್ತಿದ್ದರು.

ರಾತ್ರಿ ಗಾಡಿ ಹೊರಡಲಿಲ್ಲ. ಅಜ್ಜಿ ನಮ್ಮ ಮನೆಯ ಒಳಕೋಣೆಯಲ್ಲಿ ಮಲಗಿದರು. ಮರಳಿನ ಮೇಲೆ ಹಾಸಿದ್ದು ನನ್ನ ಕಂಬಳಿಯ ಉಳಿದರ್ಧ. ಬೆಳಿಗ್ಗೆ ಎದ್ದು ಹುಡುಗಿ ಒಪ್ಪಿಗೆ ಎಂದರು. ವಂಶದ ಮಾತನ್ನು ಯಾರೂ ಎತ್ತಲಿಲ್ಲ.

ಮದುವೆಯಾಗಿ ಹೋದ ನಾದಿನಿ ಮೊದಲ ಸಲ ತೌರಿಗೆ ಬಂದಾಗ ಸುದ್ದಿ ತಂದಳು. ಅಜ್ಜಿ ಈಗ ಧೈರ್ಯವಾಗಿ ಮಗಳ ಮನೆಗೆ ಪರಶುರಾಂಪುರಕ್ಕೆ ಹೋಗಿ ತಿಂಗಳುಗಟ್ಟಲೆ ಇರುತ್ತಾರೆ. ಅಲ್ಲಿ ಕೇಳಿದವರಿಗೆಲ್ಲ ಇದು ಮೊಳಕಾಲ್ಮೂರಿನ ನಮ್ಮ ಬೀಗರ ಔಷಧಿ ಎನ್ನುತ್ತಾರೆ. ಆ ಮೇಲೆ ಒಬ್ಬೊಬ್ಬರೇ ಬರತೊಡಗಿದರು. ಮುಖ ಮರೆಸಿಕೊಂಡ ಮುದುಕರು, ತಂತಮ್ಮ ಅತ್ತೆಯರನ್ನು ಕರೆತಂದ ಸೊಸೆಯಂದಿರು. ಬಾಗಿಲಲ್ಲಿ ನಿಂತು ಮಾವನನ್ನೇ ಕೇಳುತ್ತಿದ್ದರು. ಮಾವ ಮಗ್ಗ ಬಿಟ್ಟು ಎದ್ದು ಬಂದು, ಅವರನ್ನು ಕೂರಿಸಿ, ತಮಗೇ ಆದಂತೆ ಗಂಭೀರವಾಗಿ ಎಲ್ಲ ವಿವರಿಸುತ್ತಿದ್ದರು. ಮಾತು ಕಡಿಮೆಯ ಮನುಷ್ಯ ಆ ಒಂದು ವಿಷಯದಲ್ಲಿ ಮಾತುಗಾರರಾಗಿಬಿಟ್ಟರು. ನಿಮಗೆ ಎಷ್ಟು ದಿನಕ್ಕೆ ವಾಸಿಯಾಯಿತು ಎಂದು ಯಾರಾದರೂ ಕೇಳಿದರೆ ಮಾವ ಅಡುಗೆಮನೆಯ ಕಡೆ ನೋಡುತ್ತಿದ್ದರು. ಒಳಗಿನಿಂದ ಅತ್ತೆ, ನವರಾತ್ರಿ ಹಬ್ಬದ ಹೊತ್ತಿಗೆ ಎನ್ನುತ್ತಿದ್ದರು.

ನಾಯಿ ಇನ್ನೂ ಒಂದೆರಡು ವರ್ಷ ಬದುಕಿತು. ಕೊನೆಗೆ ಏಳಲಾರದೆ ಮಲಗಿದ್ದಾಗ ಮರಳು ಬದಲಿಸುವ ಕೆಲಸವನ್ನು ಮಾವನೇ ಮಾಡುತ್ತಿದ್ದರು, ಯಾರಿಗೂ ಬಿಡುತ್ತಿರಲಿಲ್ಲ. ಅದು ಸತ್ತ ದಿನ ತಂಗಡಿ ಗಿಡಗಳ ಹತ್ತಿರ ಗುಂಡಿ ತೋಡಿದವರೂ ಅವರೇ. ಅತ್ತೆ ಕಣ್ಣೀರು ಹಾಕಲಿಲ್ಲ. ನಾಯಿಗೆಲ್ಲ ಯಾರು ಅಳುತ್ತಾರೆ ಎಂದು ನನ್ನನ್ನೇ ಗದರಿಸಿ, ಒಳಗೆ ಹೋಗಿ ಎಲ್ಲರಿಗೂ ಬಡಿಸಿದರು. ಮುದ್ದೆಯನ್ನು ನಾಯಿಗೆ ಇಡುವಂತೆಯೇ ಮುರಿದು ಆರಿಸಿದ್ದರು. ಮಾವ ಅದನ್ನೇ ಉಂಡರು.